ಎದುರು ಕುರ್ಚಿ ಮುಂದಿನ ಟಿಶ್ಯೂ ಪ್ಯಾಕೆಟ್

ಮೊನ್ನೆ ಒಬ್ಬ ಚೀನೀ ಅಂಕಲ್ ಹತ್ರ ಬೈಸ್ಕೊಂಡೆ. ಮಾಡಿದ್ದೇನು? ಅವ್ರ ಟಿಶ್ಯೂ ತಗೊಂಡು ಮೂಗು ಒರ್ಸ್ಕೊಂಡಿದ್ದೆ.

ದುಡಿಯೋಕೆ ಈ ದೇಶಕ್ಕೆ ಬಂದಾಗ ಮೊದ್ಲು ಜುರಾಂಗ್ ಈಸ್ಟಲ್ಲಿದ್ದೆ. ಏಸಿ ಸರ್ವಿಸ್ ಕೆಲ್ಸ. ರೂಮ್ ತುಂಬಾ ರಾಣೆಬೆನ್ನೂರ್ ಹುಡುಗ್ರು, ಅಡ್ಗೆ ಅಲ್ಲೇ, ಜಗಳಾನೂ ಅಲ್ಲೇ. ಈಗ ಕಂಪ್ನಿಯೋರು ಪಾಸಿರ್ ರಿಸ್‌ಗೆ ಹಾಕಿದಾರೆ. ಅದೇ ಎಂಆರ್‌ಟಿ ಮೆಟ್ರೋ ಲೈನು, ಆದ್ರೆ ಈ ತುದಿ. ಬೇರೆ ದೇಶಕ್ಕೆ ಬಂದಂಗೈತಿ ನೋಡ್ರಿ. ರೂಮಲ್ಲಿ ನಾನೊಬ್ನೇ. ಸದ್ದು ಮಾಡೋದು ಏಸಿ ಒಂದೇ.

ಒಬ್ನಿಗೆ ಏನ್ ಅಡ್ಗೆ ಮಾಡೋದು? ಭಾನುವಾರ ಹಾಕರ್ ಸೆಂಟರ್‌ಗೆ ಹೋದೆ. (ಸುತ್ತ ಊಟದಂಗಡಿ, ನಡುವೆ ಟೇಬಲ್. ಏರಿಯಾ ಪೂರ್ತಿ ಅಲ್ಲೇ ಉಣ್ಣುತ್ತೆ.) ಫುಲ್ ರಶ್. ಒಂದೇ ಟೇಬಲ್ ಖಾಲಿ, ಮೇಲೊಂದು ಟಿಶ್ಯೂ ಪ್ಯಾಕೆಟ್. ಫ್ರೀ ಇಟ್ಟಿದಾರೆ, ಎಂಥಾ ಒಳ್ಳೆ ಜನ ಅನ್ಕೊಂಡೆ. ಕೂತೆ. ವೆಜ್ ಬೀ ಹೂನ್ ತಿಂದೆ. (ನಮ್ ಶ್ಯಾವಿಗೆನೇ, ಒಗ್ಗರಣೆ ಇಲ್ಲ ಅಷ್ಟೇ.) ಖಾರ ನೆತ್ತಿಗೇರ್ತು. ಟಿಶ್ಯೂ ಎಳ್ದೆ.

ಟ್ರೇ ಹಿಡ್ಕೊಂಡು ಅಂಕಲ್ ಬಂದ್ರು. "ಏಯ್! ಜಾಗ ಹಿಡಿಯೋಕೆ ಇಟ್ಟಿದ್ದು ಲಾ! ನೀನು ಮೂಗು ಒರ್ಸ್ತೀಯಾ?"

ಥತ್! ಊರಲ್ಲಿ ಬಸ್ ನಿಲ್ಲೋಕ್ ಮುಂಚೆ ಕಿಟಕಿಯಿಂದ ಟವೆಲ್ ಎಸೆದು ಅಕ್ಕನಿಗೆ ಸೀಟ್ ಹಿಡೀತಿದ್ದೋನು ನಾನು. ನಂಗೇ ಗೊತ್ತಾಗ್ಲಿಲ್ವಲ್ಲ! ಸಾರಿ ಅಂತ ಎದ್ದೆ.

"ಕೂತ್ಕೋ ಕೂತ್ಕೋ. ನಾಲ್ಕು ಕುರ್ಚಿ ಮೇಲೂ ನಾನೊಬ್ನೇ ಕೂರ್ತೀನಾ?"

ಎದುರಿಗೆ ಕೂತ್ರು. "ಹೊಸಬನಾ?"

"ಹೂಂ ಅಂಕಲ್."

"ಒಬ್ನೇನಾ?"

"ಒಬ್ನೇ."

"ನಾನೂ."

ಅಷ್ಟೇ ಮಾತು. ಇಬ್ರೂ ತಟ್ಟೆ ಖಾಲಿ ಮಾಡಿದ್ವಿ. ಇಲ್ಲಿಗೆ ಬಂದ್ಮೇಲೆ ಒಬ್ನೇನಾ ಅಂತ ಕೇಳಿದೋರು ಬೇರೆ ಯಾರಿದಾರೆ? ಹೋಗ್ತಾ ಅಂಕಲ್ ನಕ್ಕು ಹೇಳಿದ್ರು, "ಭಾನುವಾರ ಭಾನುವಾರ ಬರ್ತೀನಿ. ನನ್ ಟಿಶ್ಯೂ ಮುಟ್ಬೇಡ ಮತ್ತೆ."

ಆ ವಾರ ಪೂರ್ತಿ ಭಾನುವಾರಕ್ಕೇ ಕಾದೆ. ನಗ್ಬೇಡ್ರಿ. ಬೇಗ ಹೋಗಿ ಅದೇ ಟೇಬಲ್ ಹಿಡಿದೆ. ಅಂಕಲ್‌ಗೆ ಜಾಗ ಇರ್ಲಿ ಅಂತ ಎದುರು ಕುರ್ಚಿ ಮುಂದೆ ಹೊಸ ಟಿಶ್ಯೂ ಪ್ಯಾಕೆಟ್ ಇಟ್ಟೆ. ಈ ಊರಿನ ರೂಲ್ಸು ಕಲ್ತಿದೀನಿ ಅಂತ ತೋರಿಸ್ಬೇಕಲ್ಲ!

ಅಂಕಲ್ ಬಂದ್ರು. ನನ್ನ ನೋಡಿದ್ರು, ಟಿಶ್ಯೂ ನೋಡಿದ್ರು. ಮುಖ ಅರಳ್ತು.

"ಓ, ಫ್ರೆಂಡ್ ಸಿಕ್ಕಿದ್ನಾ? ಗುಡ್, ಗುಡ್!"

ಅಂದೋರೇ ಆ ಕಡೆ ಟೇಬಲ್‌ಗೆ ಹೋಗಿ, ಬೆನ್ನು ಮಾಡಿ ಕೂತ್ರು.

ನನ್ ಬಾಯಲ್ಲಿ ಶ್ಯಾವಿಗೆ. ಅದು ನಿಮಗೇ ಇಟ್ಟಿದ್ದು ಅಂತ ಎದ್ದು ಹೋಗಿ ಹೇಳ್ಬೋದಿತ್ತು. ಆದ್ರೆ ನಂಗೆ ಜನ ಸಿಕ್ರು ಅಂತ ಅಷ್ಟು ಖುಷಿಯಾಗಿದ್ರಲ್ಲ, ಹೆಂಗೆ ಹೇಳ್ಲಿ? ತಟ್ಟೆ ಖಾಲಿ ಆಯ್ತು. ಪ್ಯಾಕೆಟ್ ಜೇಬಿಗೆ ಹಾಕ್ಕೊಂಡು ಬಂದೆ.

ಈ ಜಾಗಕ್ಕೆ ಜನ ಇದಾರೆ ಅನ್ನೋಕೆ ಟಿಶ್ಯೂ ಇಡ್ತಾರೆ, ಸರಿ. ಯಾರೂ ಇಲ್ಲ, ಬಂದು ಕೂತ್ಕೊಳ್ರಿ ಅನ್ನೋಕೆ ಏನಿಡ್ತಾರೆ?