ಎರಡೂ ಎಡತೋಳಿನ ಕೋಟು

ದರ್ಜಿ ಅಂಗಡಿಯಲ್ಲಿ ಅಣ್ಣ ಬಟ್ಟೆ ಕತ್ತರಿಸುತ್ತಿದ್ದ, ತಂಗಿ ಹೊಲಿಯುತ್ತಿದ್ದಳು. ಯಾರೂ ಕೂತು ಮಾಡಿದ ಕಟ್ಟಳೆಯಲ್ಲ, ಅಪ್ಪನ ಕಾಲದಿಂದ ಹಾಗೇ ನಡೆದುಬಂದಿತ್ತು. ಎಲ್ಲವನ್ನೂ ಎಡಗೈಯಲ್ಲೇ ಮಾಡುವ ತಂಗಿಗೆ ಮನೆಯಲ್ಲಿ ಎಡಚಿ ಎಂದೇ ಹೆಸರು. ಚಿಕ್ಕವಳಿದ್ದಾಗ ಒಮ್ಮೆ ಅಪ್ಪನ ಕತ್ತರಿ ಹಿಡಿದಿದ್ದಳು. ಬಲಗೈಗೆಂದು ಮಾಡಿದ ಆ ಕತ್ತರಿ ಅವಳ ಕೈಯಲ್ಲಿ ಬಟ್ಟೆಯನ್ನು ಅಗಿದು ಹಾಕಿತು. "ಇದು ನಿಂಗೆ ಆಗಿಬರಲ್ಲ" ಎಂದ ಅಪ್ಪ. ಅವಳೂ ನಂಬಿದಳು. ಐವತ್ತು ದಾಟಿದರೂ ನಂಬಿಕೊಂಡೇ ಇದ್ದಳು, ಪಾಪ.

ಒಂದು ದಿನ ಗುಂಡಿ ತರಲು ಹೋದ ಅಂಗಡಿಯಲ್ಲಿ ಎಡಗೈಯವರಿಗೆಂದೇ ಮಾಡಿದ ಕತ್ತರಿ ಕಂಡಿತು. ಅಂಗಡಿಯವನು ಕೊಟ್ಟ ತುಂಡುಬಟ್ಟೆ ಸರ್ರನೆ ಎರಡಾಯಿತು. ಎಡಚಿ ಗುಂಡಿ ಮರೆತು ಕತ್ತರಿಯೊಂದಿಗೆ ಮನೆಗೆ ಬಂದಳು.

"ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತೇ ನಿಂಗೆ?" ಎಂದು ಅತ್ತಿಗೆ ನಕ್ಕಳು. "ಹೊಟ್ಟೆಬಟ್ಟೆಗೇನು ಕಮ್ಮಿಯಾಗಿದೆ?"

"ಇಷ್ಟು ವರ್ಷ ಅಣ್ಣ ಶುರು ಮಾಡಿದ್ದನ್ನ ಮುಗಿಸ್ತಾ ಬಂದೆ ಅತ್ತಿಗೆ. ಒಂದ್ಸಲ ನಾನೇ ಶುರು ಮಾಡಿ ನೋಡ್ಬೇಕು."

ಊರಿಗೆಲ್ಲ ಕೋಟು ಕತ್ತರಿಸುವ ಅಣ್ಣ ತಾನು ಮಾತ್ರ ಮೊಣಕೈ ಸವೆದ ಹಳೇ ಕೋಟಿನಲ್ಲೇ ಕಾಲ ಹಾಕುತ್ತಿದ್ದ. ಅವನಿಗೊಂದು ಹೊಸ ಕೋಟು ಕತ್ತರಿಸಿ, ಅವನ ಬಾಯಿಂದ "ಪರವಾಗಿಲ್ಲ" ಅನ್ನಿಸಿಕೊಳ್ಳಬೇಕು, ಎಡಚಿಗೆ ಬೇಕಾಗಿದ್ದು ಅಷ್ಟೇ. ಭಾನುವಾರ ಅವನು ಹೊರಗೆ ಹೋದದ್ದೇ ತಡ, ಊಟದ ಮೇಜಿನ ಮೇಲೆ ನೀಲಿ ಉಣ್ಣೆಬಟ್ಟೆ ಹಾಸಿದಳು. ಸೀಮೆಸುಣ್ಣದ ಮೊದಲ ಗೆರೆಗೆ ಕತ್ತರಿ ಇಡುವಾಗ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಹಸಿವಿನ ಪರಿವೆಯೂ ಇಲ್ಲ. ಅತ್ತಿಗೆ ಊಟಕ್ಕೆ ಕರೆದು ಕರೆದು ಸಾಕಾಗಿ, ತಟ್ಟೆ ಹಿಡಿದು ಅಡುಗೆಮನೆಯಲ್ಲೇ ನಿಂತು ಉಂಡಳು.

ಸಂಜೆ ಕೋಟು ಸಿದ್ಧವಾಯಿತು. ಅಣ್ಣ ತೊಟ್ಟ. ಎಡತೋಳು ಸೊಗಸಾಗಿ ಕೂತಿತು. ಬಲತೋಳಿಗೆ ಕೈ ತೂರಿಸಿದರೆ ಅದು ಅವನ ಕೈಯನ್ನು ಬೆನ್ನ ಕಡೆಗೆ ತಿರುಚಿತು. ಬಟ್ಟೆಯನ್ನು ಮಡಿಸಿ ಕತ್ತರಿಸಿದರೆ ಒಂದು ಎಡತೋಳು, ಒಂದು ಬಲತೋಳು ಜೋಡಿಯಾಗಿ ಬರುತ್ತವೆ. ಎಡಚಿ ಹುಮ್ಮಸ್ಸಿನಲ್ಲಿ ಮಡಿಸುವುದನ್ನೇ ಮರೆತು, ಒಂದೇ ಕಾಗದದ ಅಚ್ಚನ್ನು ಎರಡು ಸಲ ಇಟ್ಟು ಕತ್ತರಿಸಿ, ಎಳೆದಾಡಿ ಹೊಲಿದೂ ಬಿಟ್ಟಿದ್ದಳು.

"ಎರಡೂ ಎಡತೋಳು" ಎಂದ ಅಣ್ಣ.

"ಎಡಚಿ ಕತ್ತರಿಸಿದ್ರೆ ಇನ್ನೇನಾಗತ್ತೆ" ಎಂದು ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಳು ಬರುತ್ತದೆಂದುಕೊಂಡಿದ್ದ ಎಡಚಿಗೂ ನಗು ಬಂತು. ಮುಂದಿನ ಕೋಟಿಗೆ ಬಟ್ಟೆ ಹೇಗೆ ಮಡಿಸಬೇಕು ಎಂದು ಅವಳ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಅಪ್ಪನ ಮಾತು ನೆನಪಾಗಲೇ ಇಲ್ಲ. ಅಣ್ಣ "ಪರವಾಗಿಲ್ಲ" ಅನ್ನಲಿಲ್ಲ ಎಂಬುದೊಂದೇ ಕೊರಗು.

ಮರುದಿನ ಅಣ್ಣ ಅದೇ ಕೋಟು ತೊಟ್ಟು ಅಂಗಡಿಗೆ ಬಂದ. ಬಲಗೈ ಸೊಟ್ಟಗೆ ನಿಂತಿತ್ತು.

"ಏನ್ರೀ, ಕೈಗೆ ಏನಾಯ್ತು?" ಎಂದರು ಅಳತೆ ಕೊಡಲು ಬಂದವರು.

"ಕೈಗೇನೂ ಆಗಿಲ್ಲ. ಅಂಗಡಿಗೆ ಹೊಸ ಕಟಿಂಗ್ ಮಾಸ್ಟರ್ ಬಂದಿದ್ದಾರೆ."

ಎಡಚಿಯ ಕಣ್ಣು ತುಂಬಿತು. ಅಣ್ಣ ಅವಳ ಕಡೆ ನೋಡದೆ, ಅವಳ ಎಡಗೈಯ ನೆರಳು ಬಟ್ಟೆಯ ಮೇಲೆ ಬೀಳದಿರಲೆಂದು ಕತ್ತರಿಸುವ ಮೇಜಿನ ದೀಪವನ್ನು ಬಲಕ್ಕೆ ಸರಿಸಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮೊದಲು ಬಟ್ಟೆ ಮಡಿಸಿದಳು. ಆಮೇಲೆ ಕತ್ತರಿ ಎತ್ತಿದಳು.