ಅತ್ತೆಯ ಲೋಳೆಗೈ

ನನ್ನ ಅತ್ತೆಯ ಬಲಗೈ ಬೆರಳುಗಳು ಯಾವಾಗಲೂ ಅಂಟಂಟು. ಒಣಗಿದ ಲೋಳೆಸರದ ತೆಳು ಪೊರೆ ಉಗುರಿನ ಸುತ್ತ ಸುಲಿಯುತ್ತಿತ್ತು. ಆ ಕೈಯಲ್ಲಿ ಅವರು ಪ್ರೀತಿಯಿಂದ ಕೆನ್ನೆ ಸವರಿದರೆ ಕೊಳೆತ ಈರುಳ್ಳಿಯಂಥ ವಾಸನೆ ಸ್ನಾನ ಮಾಡುವವರೆಗೂ ಹೋಗುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಕಳಸದ ಹತ್ತಿರದ ಅವರ ಕಾಫಿ ತೋಟಕ್ಕೆ ಬಂದ ಮೊದಲ ಬೆಳಿಗ್ಗೆಯೇ ನನಗೆ ವಾಕರಿಕೆ ಬಂತು. ಮನೆಯವರು ಬೇರೆ ಅರ್ಥ ಮಾಡಿಕೊಳ್ಳುವಷ್ಟು ದಿನ ಆಗಿರಲಿಲ್ಲ, ಪುಣ್ಯ.

ಬಚ್ಚಲ ಹಿಂದೆ ಸಾಲಾಗಿ ಲೋಳೆಸರದ ಗಿಡಗಳಿದ್ದವು. ಬೆಳಿಗ್ಗೆ ಒಂದು ಎಲೆ ಕೊಯ್ದು, ಕೊಯ್ದ ಬುಡ ಕೆಳಗಾಗಿ ಲೋಟದಲ್ಲಿ ನಿಲ್ಲಿಸುವುದು ಅತ್ತೆಯ ಪದ್ಧತಿ. ಹೊಟ್ಟೆಗೆ ಹೋದರೆ ಭೇದಿ ಹಿಡಿಸುವ ಕಹಿ ಹಳದಿ ನೀರು ಪೂರ್ತಿ ಇಳಿದ ಮೇಲೆ ಮುಳ್ಳು, ಸಿಪ್ಪೆ ತೆಗೆದು ತೊಳೆದರೆ ಒಳಗಿನ ತಿರುಳು ತಲೆಗೆ, ಮುಖಕ್ಕೆ, ಒಲೆ ತಾಗಿ ಸುಟ್ಟ ಕೈಗೆ. ಮಳೆಗಾಲದಲ್ಲಿ ತೋಟದ ಆಳುಗಳ ಕಾಲ್ಬೆರಳ ಸಂದಿ ಕೆಸರಿಗೆ ಬೆಳ್ಳಗೆ ಕೊಳೆತಿರುತ್ತಿತ್ತು. ಅವರನ್ನು ಜಗಲಿಯಲ್ಲಿ ಕೂರಿಸಿ, ಅತ್ತೆ ತಾವೇ ಬೆರಳು ತೂರಿಸಿ ಲೋಳೆ ಹಚ್ಚುತ್ತಿದ್ದರು. ಆಮೇಲೆ ಕೈ ತೊಳೆದು ದೋಸೆ ಹಿಟ್ಟು ಕಲಕಲು ಬರುತ್ತಿದ್ದರು. ನನಗೆ ದೋಸೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಬಾ ಮಾರಾಯ್ತಿ, ನೀನೂ ಕೈ ಹಾಕು. ನಾನ್ ಹೋದ್ಮೇಲೆ ಇದನ್ನ ಮಾಡೋರು ಬೇಕಲ್ಲ?”

“ನನ್ನಿಂದಾಗಲ್ಲ ಅತ್ತೆ. ಸಿಂಬಳ ಮುಟ್ಟಿದ ಹಾಗಾಗ್ತದೆ.”

ಅವರು ನಗುತ್ತಿದ್ದರು, ಆದರೆ ಕರೆಯುವುದನ್ನು ಬಿಡಲಿಲ್ಲ.

ಒಮ್ಮೆ ಪಾರ್ಚ್‌ಮೆಂಟ್ ಬೀಜ ನೋಡಿ ಬೆಲೆ ಕಟ್ಟಲು ಕಾಫಿ ವ್ಯಾಪಾರಿಯೊಬ್ಬರು ಬಂದರು. ಎಲೆ ತೆಗೆದಿದ್ದ ಲೋಟ ಅಡುಗೆಕಟ್ಟೆಯ ಮೇಲಿತ್ತು, ತಳದಲ್ಲಿ ಹಳದಿ ನೀರು. ನಾನು ಅವಸರದಲ್ಲಿ ನೋಡದೆ ಅದಕ್ಕೇ ಕಾಫಿ ಬಗ್ಗಿಸಿ ಕೊಟ್ಟೆ. ನಮ್ಮ ಸೀಮೆಯ ಗಂಡಸರಿಗೆ ಕಹಿ ಕಾಫಿ ಕುಡಿಯುವುದೆಂದರೆ ಒಂದು ಪ್ರತಿಷ್ಠೆ. ಆತ ಮುಖ ಕಿವುಚಿಯೂ “ಇದು ನೋಡಿ ಕಾಫಿ! ಪೇಟೆಯವ್ರು ಕುಡಿಯೋದು ಬರೀ ಚಿಕೋರಿ” ಎಂದು ತಳದವರೆಗೂ ಹೀರಿದರು. ಜೀಪು ಕೆಟ್ಟು ಅಂದು ನಮ್ಮಲ್ಲೇ ಉಳಿದರು. ಬೆಳಗಾಗುವಷ್ಟರಲ್ಲಿ ನಮ್ಮ ಪಾಯಿಖಾನೆಗೆ ಬಂದ ಗತಿಯನ್ನು ಬರೆಯಲು ನನಗೆ ಈಗಲೂ ಮನಸ್ಸಿಲ್ಲ.

“ಕಾಫಿ ಕೊಟ್ಟಿದ್ದು ಯಾರು?” ಎಂದು ಮಾವ ಗುಡುಗಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ನಾನೇ. ಲೋಟ ನೋಡ್ಲಿಲ್ಲ” ಎಂದರು. ಬೈಗುಳವನ್ನೆಲ್ಲ ತಿಂದು ಒಳಗೆ ಬಂದು ನನ್ನ ಕಿವಿಯಲ್ಲಿ, “ನೀನು ಬಕೆಟ್ ತಗೋ, ನಾನು ಪೊರಕೆ ತಗೋತೀನಿ” ಎಂದರು.

ಕೆಲವು ವರ್ಷಗಳ ನಂತರ ಅತ್ತೆ ಹಾಸಿಗೆ ಹಿಡಿದರು. ಬೆನ್ನ ಚರ್ಮ ಒಣಗಿ ಹೊಟ್ಟಿನಂತೆ ಉದುರುತ್ತಿತ್ತು, ತುರಿಕೆ ಬೇರೆ. ಸ್ವಂತ ಮಗಳೇ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಬಂದು ಹೋದಳು. ಅತ್ತೆ ಲೋಳೆಸರ ಕೇಳಿದರು. ಹಚ್ಚಲು ಆ ಮನೆಯಲ್ಲಿ ನಾನಲ್ಲದೆ ಯಾರಿದ್ದರು? ಹಲ್ಲು ಕಚ್ಚಿ ಮೊದಲ ಸಲ ಆ ಲೋಳೆಯನ್ನು ಅಂಗೈಗೆ ತೆಗೆದುಕೊಂಡೆ. ಬೆನ್ನಿಗೆ ಸವರತೊಡಗಿದೆ.

“ಹೇಸಿಗೆ ಆಗ್ತದಾ?” ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಕೇಳಿದರು.

ಸುಳ್ಳು ಹೇಳಲಾಗಲಿಲ್ಲ. “ಆಗ್ತದೆ ಅತ್ತೆ.”

“ನಂಗೂ ಆಗ್ತಿತ್ತು. ಆ ಕೊಳ್ತ ಕಾಲೆಲ್ಲ ಮುಟ್ಟಿ, ಎಷ್ಟು ಸಲ ಬಚ್ಚಲಲ್ಲಿ ಕಾರ್ಕೊಂಡಿದೀನಿ. ಯಾರಿಗೆ ಹೇಳೋದು?”

ಮಳೆ ಹಿಡಿಯುವ ಮೊದಲೇ ಅವರು ಹೋದರು. ಆ ಆಷಾಢದಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯಲ್ಲಿ ಒಬ್ಬಳು ಆಳು ಕಾಲು ಚಾಚಿ ಕೂತಿದ್ದಳು. ಬೆರಳ ಸಂದಿ ಬೆಳ್ಳಗೆ ಕೊಳೆತಿತ್ತು. ಎಲೆ ತಂದು ಕೂತು, ಉಸಿರು ಬಿಗಿಹಿಡಿದು ಹಚ್ಚಿದೆ.

“ಇನ್ನೊಂದು ಕಾಲೂ ಚಾಚು” ಎಂದೆ.