ಯಾರೂ ಹಾಗೆ ಮಾಡಲ್ಲ

ಆಫೀಸಿನವರು ಅವಳಿಗಿಟ್ಟ ಹೆಸರು ಕೊಕ್ಕೆ ಮೇಡಂ. ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಕೊಕ್ಕೆ. ಉಳಿದವರು ತಿಂಗಳುಗಟ್ಟಲೆ ಕೂತು ಬರೆದ ಸಾಫ್ಟ್‌ವೇರ್ ಗಿರಾಕಿಯ ಕೈ ಸೇರುವ ಮುಂಚೆ ಅವಳ ಮೇಜಿಗೆ ಬರುತ್ತಿತ್ತು, ಅವಳು ಅದಕ್ಕೊಂದು ಕೊಕ್ಕೆ ಹಾಕುತ್ತಿದ್ದಳು. ಹಾಕಲಿಕ್ಕೆಂದೇ ಅವಳನ್ನು ಇಟ್ಟುಕೊಂಡದ್ದು. ತಪ್ಪು ಹುಡುಕಿಕೊಡಿ ಅಂತ ಕೆಲಸಕ್ಕೆ ಕರೆದು, ಹುಡುಕಿಕೊಟ್ಟರೆ ಮುಖ ಗಂಟು ಹಾಕಿಕೊಳ್ಳುವ ಜನರ ನಡುವೆ ಹನ್ನೊಂದು ವರ್ಷ ಕಳೆದವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಇದ್ದರೆ ಅದರಲ್ಲಿ ಆಶ್ಚರ್ಯವೇನು?

ಅವಳ ಮೇಜು ಪ್ರಿಂಟರಿನ ಪಕ್ಕದಲ್ಲಿತ್ತು. ಮೇಜಿನ ಮೇಲೆ ಎರಡು ವಸ್ತು ಸದಾ ಇರುತ್ತಿದ್ದವು. ಒಂದು, ಅಡುಗೆಮನೆಯಲ್ಲಿ ಇಟ್ಟುಕೊಳ್ಳುವಂಥ, ತಿರುಗಿಸಿಬಿಟ್ಟರೆ ಸ್ವಲ್ಪ ಹೊತ್ತಿಗೆ ಟ್ರಿಣ್ ಎನ್ನುವ ಪುಟ್ಟ ಗಂಟೆ. ಅದನ್ನು ಕಣ್ಣುಮುಚ್ಚಿ ತಿರುಗಿಸಿಟ್ಟು ಅವಳು ಪರೀಕ್ಷೆಗೆ ಕೂರುತ್ತಿದ್ದಳು. ಗಂಟೆ ಹೊಡೆದದ್ದೇ ತಡ, ಮಾಡುತ್ತಿದ್ದ ಕೆಲಸ ಎಲ್ಲಿದೆಯೋ ಅಲ್ಲೇ ಬಿಟ್ಟು ಇನ್ನೊಂದು ಪುಟಕ್ಕೆ ಹಾರುತ್ತಿದ್ದಳು. ಬರೆದವರು ಮೇಲಿನಿಂದ ಕೆಳಕ್ಕೆ ನೀಟಾಗಿ ತುಂಬಿ, ಗುಂಡಿ ಒತ್ತಿ, ಎಲ್ಲ ಸರಿಯಿದೆ ಎನ್ನುತ್ತಾರೆ. ಲೋಕದಲ್ಲಿ ಯಾರ ಕೆಲಸ ಹಾಗೆ ನಡೆಯುತ್ತದೆ? ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಯಾರೋ, ಒಳಗಿನಿಂದ ಅತ್ತೆಯ ಕೂಗು. ಮನುಷ್ಯರು ಎಲ್ಲವನ್ನೂ ಅರ್ಧಕ್ಕೆ ಬಿಟ್ಟೇ ಬದುಕುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಎರಡನೆಯದು ಒಂದು ನೋಟ್‌ಬುಕ್. ಅವಳು ತೋರಿಸಿದ ತಪ್ಪನ್ನು ತಿದ್ದಲು ಮನಸ್ಸಿಲ್ಲದಾಗ ಬರೆದವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಯಾರೂ ಹಾಗೆ ಮಾಡಲ್ಲ ಮೇಡಂ." ಆ ಮಾತು ಕೇಳಿದಾಗಲೆಲ್ಲ ತಾರೀಖು ಹಾಕಿ, ಏನನ್ನು ಯಾರೂ ಮಾಡುವುದಿಲ್ಲವಂತೆ ಎಂದು ಬರೆದಿಡುತ್ತಿದ್ದಳು. ಬಲಗಡೆ ಒಂದು ಕಾಲಂ ಖಾಲಿ. ಮುಂದೆ ಯಾರಾದರೂ ಅದನ್ನೇ ಮಾಡಿದರೆ ಅವರ ಹೆಸರು ಅಲ್ಲಿಗೆ. ಖಾಲಿ ಉಳಿದ ಸಾಲುಗಳು ಬಹಳ ಇರಲಿಲ್ಲ.

ಈ ಕೆಲಸಕ್ಕೆ ಬರುವ ಮುಂಚೆ ಅವಳು ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್ ಆಗಿದ್ದಳು. ಹತ್ತೊಂಬತ್ತನೆಯ ವಯಸ್ಸಿನಿಂದ ಎಂಟು ವರ್ಷ, ಹೊಲಿದು ಬಂದ ಅಂಗಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರವಿ, ಕಾಲರು, ತೋಳು, ಗುಂಡಿ, ಕಾಜ ನೋಡಿ, ತಪ್ಪಿದ್ದಲ್ಲಿ ಕೆಂಪು ಸ್ಟಿಕರ್ ಅಂಟಿಸುವ ಕೆಲಸ. ದಿನವಿಡೀ ನಿಂತೇ. ಲಾರಿ ಹೊರಡುವ ಹೊತ್ತಾದರೆ ಸೂಪರ್‌ವೈಸರ್ ಬಂದು ಆ ಸ್ಟಿಕರುಗಳನ್ನು ಉಗುರಿನಿಂದ ಕಿತ್ತು ಹಾಕುತ್ತಿದ್ದ. ಒಂದು ಸಲ ಇಡೀ ಲಾಟು ವಾಪಸ್ ಬಂತು. ಆಗ ಅದೇ ಸೂಪರ್‌ವೈಸರ್ ದೊಡ್ಡವರ ಮುಂದೆ ಅವಳನ್ನು ನಿಲ್ಲಿಸಿ, "ಚೆಕ್ಕಿಂಗ್ ಸರಿಯಾಗಿ ಆಗಿಲ್ಲ ಸರ್" ಎಂದ. ಅವಳ ತಲೆಯ ಮೇಲೆ ಗೂಬೆ ಕೂರಿಸಿ ಅವನು ಕೈ ತೊಳೆದುಕೊಂಡ. ಅವತ್ತು ಅವಳು ಅಳಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಬಾಯಿ ಬಿಡದೇ ಇದ್ದದ್ದಕ್ಕೆ ತನ್ನ ಮೇಲೆ ತನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಸಂಜೆ ಕ್ಲಾಸಿಗೆ ಸೇರಿ, ಕಂಪ್ಯೂಟರ್ ಕಲಿತು, ಕೊನೆಗೆ ಬಂದು ಸೇರಿದ್ದೂ ಚೆಕ್ಕಿಂಗಿಗೇ. ಇಲ್ಲಿ ಅದಕ್ಕೆ ಟೆಸ್ಟಿಂಗ್ ಅನ್ನುತ್ತಾರೆ, ಕುರ್ಚಿ ಕೊಡುತ್ತಾರೆ, ಅಷ್ಟೇ.

ಈ ವರ್ಷ ಬಂದದ್ದು ಮಕ್ಕಳ ಆಸ್ಪತ್ರೆಯೊಂದರ ಕೆಲಸ. ನರ್ಸುಗಳ ಕೈಗೆ ಒಂದೊಂದು ಟ್ಯಾಬ್. ಮಗುವಿನ ಪುಟ ತೆರೆದು ತೂಕ ಹಾಕಿದರೆ, ಔಷಧ ಎಷ್ಟು ಕೊಡಬೇಕೆಂದು ಅದೇ ಹೇಳುತ್ತದೆ. ಬರೆದವನು ಪಂಡಿತ; ಅದು ಅವನ ಅಡ್ಡಹೆಸರು, ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಗಂಟೆ ತಿರುಗಿಸಿಟ್ಟು ಕೂತಳು. ಒಂದು ಮಗುವಿನ ಪುಟದಲ್ಲಿ ಇಪ್ಪತ್ತು ಕಿಲೋ ಎಂದು ಹಾಕುವಷ್ಟರಲ್ಲಿ ಟ್ರಿಣ್ ಎಂದಿತು. ಉಳಿಸುವ ಗುಂಡಿ ಒತ್ತದೆ ಬೇರೆ ಮಗುವಿನ ಪುಟ ತೆರೆದಳು. ಆ ಮಗುವಿನ ತೂಕದ ಜಾಗದಲ್ಲಿ ಅದೇ ಇಪ್ಪತ್ತು ಕೂತಿತ್ತು, ಕೆಳಗೆ ಇಪ್ಪತ್ತು ಕಿಲೋಗೆ ತಕ್ಕ ಔಷಧ. ಮತ್ತೆ ಮಾಡಿದಳು, ಮತ್ತೆ ಅದೇ. ಹನ್ನೆರಡು ಸಲ ಮಾಡಿ, ಹನ್ನೆರಡನ್ನೂ ಬರೆದು, ಪಂಡಿತನಿಗೆ ತೋರಿಸಿದಳು.

"ಒಂದು ಮಗು ತೂಕ ಅರ್ಧಕ್ಕೆ ಬಿಟ್ಟು ಇನ್ನೊಂದು ಮಗು ಹತ್ರ ಯಾರು ಹೋಗ್ತಾರೆ ಮೇಡಂ? ಯಾರೂ ಹಾಗೆ ಮಾಡಲ್ಲ" ಎಂದ ಪಂಡಿತ, ತಲೆ ಎತ್ತದೆ.

ಮ್ಯಾನೇಜರ್ ಹತ್ತಿರ ಹೋದಳು. ಅವನು ನಯವಾದ ಮನುಷ್ಯ; ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. "ನೋಡೋಣ ಮೇಡಂ, ಮುಂದಿನ ಸಲ ಸೇರಿಸೋಣ. ನಾಳೆ ಆಸ್ಪತ್ರೆಯಲ್ಲಿ ಡೆಮೋ. ಅವರು ಸಹಿ ಹಾಕಿದ್ರೆ ಸೋಮವಾರದಿಂದ ವಾರ್ಡಲ್ಲಿ ಶುರು. ಈಗ ಅಪಶಕುನ ಯಾಕೆ?" ಎಂದ. ಅವಳು ಮೇಜಿಗೆ ಬಂದು ಆ ಪರೀಕ್ಷೆಯ ಮುಂದೆ ಫೇಲ್ ಎಂದು ಒತ್ತಿದಳು. ಒಂದು ಫೇಲ್ ಇದ್ದರೂ ಸಾಫ್ಟ್‌ವೇರ್ ಹೊರಗೆ ಹೋಗುವಂತಿಲ್ಲ, ಅದು ಕಂಪನಿಯದೇ ನಿಯಮ. ನೆಮ್ಮದಿಯಾಗಿ ಮನೆಗೆ ಹೋದಳು.

ಕೈಕಾಲು ತೊಳೆಯುವಾಗ ಅತ್ತೆ ಕೇಳಿದರು, "ಏನೇ, ಇವತ್ತು ಯಾರ ಜನ್ಮ ಜಾಲಾಡಿ ಬಂದೆ?"

ಹೇಳಿದಳು. ಮೂವತ್ತು ವರ್ಷ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದಿದ ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ಸೊನ್ನೆ ಹಾಕಿದ್ಮೇಲೆ ಸೊನ್ನೆನೇ ಕಣೇ. ಯಾರಾದ್ರೂ ಅದಕ್ಕೆ ಬಾಲ ಸೇರಿಸಿ ಆರು ಮಾಡ್ತಾರಾ ಅಂತ ನೋಡ್ತಿರು."

ಬಾಲ ಸೇರಿಸಿಯಾಗಿತ್ತು. ಮರುದಿನ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಪಟ್ಟಿಯೆಲ್ಲ ಹಸಿರು. ಅವಳು ಕೆಂಪು ಮಾಡಿ ಹೋಗಿದ್ದ ಸಾಲೂ ಹಸಿರು. ಪಾಸ್ ಮಾಡಿದವರು ಎಂಬಲ್ಲಿ ಅವಳದೇ ಹೆಸರು.

ಅವಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ತಿಳಿದಾಗ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ನಾಲ್ಕು ದಿನ ರಜೆ ಹಾಕಿದ್ದಾಗ, ಕೆಲಸ ನಿಲ್ಲಬಾರದೆಂದು ಮ್ಯಾನೇಜರ್ ಫೋನಿನಲ್ಲಿ ಅವಳ ಪಾಸ್‌ವರ್ಡ್ ಕೇಳಿದ್ದ. ಆಸ್ಪತ್ರೆಯ ಜಗಲಿಯಲ್ಲಿ ನಿಂತು ಹೇಳಿಬಿಟ್ಟಿದ್ದಳು. ಬಂದ ಮೇಲೆ ಬದಲಾಯಿಸಲಿಲ್ಲ. ಊರವರ ತಪ್ಪನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವವಳು ತನ್ನದನ್ನೇ ನೋಡಲಿಲ್ಲ! ಅವನ ಮೇಲೆ ಎಷ್ಟು ಸಿಟ್ಟು ಬಂತೋ ತನ್ನ ಮೇಲೂ ಅಷ್ಟೇ ಬಂತು.

"ಸರ್, ನನ್ನ ಹೆಸರಲ್ಲಿ ಪಾಸ್ ಒತ್ತಿದ್ದು ನೀವಾ?"

ಮ್ಯಾನೇಜರ್ ಟೈ ಸರಿಮಾಡಿಕೊಳ್ಳುತ್ತಿದ್ದ. "ಈಗ ಅದೆಲ್ಲ ಬೇಡ ಮೇಡಂ. ಡೆಮೋ ಮುಗೀಲಿ, ಆಮೇಲೆ ಕೂತು ಮಾತಾಡೋಣ. ನೀವೂ ಬನ್ನಿ, ಟೆಸ್ಟಿಂಗಿನವರು ಒಬ್ಬರು ಇದ್ರೆ ಅವರಿಗೂ ನಂಬಿಕೆ. ಬಾಯಿ ಮಾತ್ರ ಬಿಡಬೇಡಿ."

ಹೋಗದೇ ಇರಬಹುದಿತ್ತು. ಆದರೆ ಅವಳ ಹೆಸರು ಆಗಲೇ ಹೊರಟಿತ್ತಲ್ಲ, ಅವನ ಬ್ಯಾಗಿನಲ್ಲಿ. ನೋಟ್‌ಬುಕ್ ಎತ್ತಿಕೊಂಡು ಹಿಂದೆ ಹೋದಳು. ಕಾರಿನಲ್ಲಿ ಹಲ್ಲು ಕಚ್ಚಿ ಕೂತಿದ್ದಳು.

ಮಕ್ಕಳ ವಾರ್ಡು ಉದ್ದನೆಯದು, ಎರಡು ಸಾಲು ಹಾಸಿಗೆ, ಫಿನಾಯಿಲಿನ ವಾಸನೆ. ಹೆಡ್ ನರ್ಸ್ ಐವತ್ತು ದಾಟಿದ ಗಟ್ಟಿ ಹೆಂಗಸು, ಜೇಬಿನಲ್ಲಿ ಮೂರು ಪೆನ್ನು. ಪ್ರಯೋಗಕ್ಕೆಂದು ಆ ವಾರ್ಡಿನ ಮಕ್ಕಳ ಹೆಸರನ್ನೇ ಟ್ಯಾಬಿನಲ್ಲಿ ತುಂಬಿದ್ದರು. ಔಷಧ ಇನ್ನೂ ಕಾಗದದ ಚೀಟಿ ನೋಡಿಯೇ ಕೊಡುತ್ತಿದ್ದರು. ಪಂಡಿತ ಒಂದು ಮಗು, ಒಂದು ತೂಕ, ಉಳಿಸು, ಮುಂದಿನದು ಅಂತ ಗಿಳಿ ಪಾಠ ಒಪ್ಪಿಸಿದ. ಎಲ್ಲ ಸರಿಯಾಗಿ ಬಂತು. ಮ್ಯಾನೇಜರ್ ಸಹಿಯ ಕಾಗದ ಮುಂದಿಟ್ಟ. ಹೆಡ್ ನರ್ಸ್ ಪೆನ್ನು ತೆಗೆದಳು.

ಗಾರ್ಮೆಂಟ್ಸ್‌ನಲ್ಲಿ ಬಿಡದೇ ಉಳಿದಿದ್ದ ಬಾಯಿ ಈಗ ಬಿಟ್ಟಿತು. "ಸಿಸ್ಟರ್, ಸಹಿ ಹಾಕೋ ಮುಂಚೆ ಒಂದ್ಸಲ ನೀವೇ ಮಾಡಿ ನೋಡಿ. ದಿನಾ ಹೇಗೆ ಕೆಲಸ ಮಾಡ್ತೀರೋ ಹಾಗೇ."

"ಅವರಿಗೆ ಟೈಮ್ ಎಲ್ಲಿದೆ ಮೇಡಂ" ಎಂದು ಮ್ಯಾನೇಜರ್ ನಕ್ಕ.

"ನನ್ನ ಟೈಮ್ ನಾನು ನೋಡ್ಕೋತೀನಿ" ಎಂದು ಹೆಡ್ ನರ್ಸ್ ಟ್ಯಾಬ್ ತೆಗೆದುಕೊಂಡಳು.

ಐದನೇ ಹಾಸಿಗೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಹುಡುಗಿ. ಹೆಡ್ ನರ್ಸ್ ಇಪ್ಪತ್ತೆರಡು ಕಿಲೋ ಎಂದು ಹಾಕಿದಳು. ಅಷ್ಟರಲ್ಲಿ ಎರಡನೇ ಹಾಸಿಗೆಯ ಕರೆಗಂಟೆ ಹೊಡೆಯಿತು. "ಸಿಸ್ಟರ್, ಮೈ ಸುಡ್ತಿದೆ, ಬನ್ನಿ" ಎಂದು ಅಲ್ಲಿದ್ದ ತಾಯಿ ಕೂಗಿದಳು. ಹೆಡ್ ನರ್ಸ್ ಟ್ಯಾಬನ್ನು ಕಂಕುಳಲ್ಲಿ ಇರುಕಿಕೊಂಡು ನಡೆದೇಬಿಟ್ಟಳು. ಹಿಂದೆ ಈ ಮೂವರು. ಹೆಡ್ ನರ್ಸ್ ಮಗುವಿನ ಹಣೆ ಮುಟ್ಟಿದಳು, ಥರ್ಮಾಮೀಟರ್ ಇಟ್ಟಳು, ಜ್ವರದ ಔಷಧ ಎಷ್ಟು ತೋರಿಸುತ್ತದೋ ನೋಡೋಣವೆಂದು ಎರಡನೇ ಹಾಸಿಗೆಯ ಪುಟ ತೆರೆದಳು. ಟ್ಯಾಬನ್ನು ಕಣ್ಣಿನ ಹತ್ತಿರ ಹಿಡಿದಳು.

"ಇದೇನ್ರೀ ಇದು? ಇಪ್ಪತ್ತೆರಡು ಕಿಲೋನಾ? ಈ ಕೂಸು ಮೂರು ಕಿಲೋ ಇನ್ನೂರು ಗ್ರಾಂ ಇದೆ!"

ಕೂಸು ತಾಯಿಯ ಮಡಿಲಲ್ಲಿ ಬಾಯಿ ತೆರೆದು ಅಳುತ್ತಿತ್ತು. ಅದರ ಕೈ ಹೆಡ್ ನರ್ಸಿನ ಹೆಬ್ಬೆರಳಿಗಿಂತ ದೊಡ್ಡದಿರಲಿಲ್ಲ.

"ಏಳರಷ್ಟು ಔಷಧ ತೋರಿಸ್ತಿದೆ. ಹೊಸ ಹುಡುಗಿ ಯಾರಾದ್ರೂ ಇದನ್ನ ನಂಬಿ ಕೊಟ್ಟುಬಿಟ್ಟಿದ್ರೆ? ಯಾರ್ರೀ ಇದನ್ನ ಪಾಸ್ ಮಾಡಿದ್ದು?"

ಮ್ಯಾನೇಜರ್ ಪಂಡಿತನ ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೆರೆದು ತೋರಿಸಿದ. "ನಮ್ಮ ಟೆಸ್ಟಿಂಗ್ ಮೇಡಂ ಪಾಸ್ ಮಾಡಿದ್ದಾರೆ ಸಿಸ್ಟರ್. ನೋಡಿ, ಹೆಸರಿದೆ. ಅವರ ಕಡೆಯಿಂದ ಸ್ವಲ್ಪ ತಪ್ಪಾಗಿದೆ."

ಅದೇ ಸೂಪರ್‌ವೈಸರ್. ಇಷ್ಟು ವರ್ಷವಾದರೂ ಅದೇ ಮಾತು, ಟೈ ಒಂದು ಹೆಚ್ಚು. ಅವಳ ಸಿಟ್ಟು ನೆತ್ತಿಗೇರಿತು. ಆದರೆ ಮಾತು ಮಾತ್ರ ತಣ್ಣಗೆ ಬಂತು.

"ಹೆಸರು ನಂದೇ ಸಿಸ್ಟರ್. ನಿನ್ನೆ ಸಂಜೆ ನಾನು ಇದನ್ನ ಫೇಲ್ ಮಾಡಿ ಮನೆಗೆ ಹೋದೆ. ಪಾಸ್ ಒತ್ತಿದ್ದು ನಾನಲ್ಲ. ಆದ್ರೆ ನನ್ನ ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಟ್ಟಿದ್ದು ನಾನೇ, ಅದು ನನ್ನ ತಪ್ಪು."

ಯಾರಿಗೆ ಕೊಟ್ಟದ್ದು ಎಂದು ಹೆಡ್ ನರ್ಸ್ ಕೇಳಲಿಲ್ಲ. ಮ್ಯಾನೇಜರ್ ಮುಖ ಒಮ್ಮೆ ನೋಡಿದಳು. "ಈಗ ಹೇಳಿ. ಪಾಸೋ, ಫೇಲೋ?"

"ಮೇಡಂ, ಇದು ಆಫೀಸಿಗೆ ಹೋಗಿ..." ಎಂದು ಮ್ಯಾನೇಜರ್ ಶುರುಮಾಡಿದ.

"ನಿಮ್ಮನ್ನ ಕೇಳಿಲ್ಲ" ಎಂದಳು ಹೆಡ್ ನರ್ಸ್.

ಕೊಕ್ಕೆ ಮೇಡಂ ಪಂಡಿತನ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು, ಔಷಧದ ಟ್ರಾಲಿಯ ಮೇಲಿಟ್ಟು, ಮೊದಲು ಪಾಸ್‌ವರ್ಡ್ ಬದಲಾಯಿಸಿದಳು. ಮ್ಯಾನೇಜರಿಗೆ ಕಾಣದಂತೆ ಎಡಗೈ ಅಡ್ಡ ಹಿಡಿದಿದ್ದಳು. ಆಮೇಲೆ ತನ್ನ ಹೆಸರಿದ್ದ ಸಾಲನ್ನು ಹುಡುಕಿ ಫೇಲ್ ಒತ್ತಿದಳು.

ಹೆಡ್ ನರ್ಸ್ ಸಹಿಯ ಕಾಗದವನ್ನು ಮಡಚಿ ಮ್ಯಾನೇಜರ್ ಕೈಗೆ ವಾಪಸ್ ಕೊಟ್ಟಳು. "ಸರಿ ಮಾಡ್ಕೊಂಡು ಬನ್ನಿ. ಬರುವಾಗ ಇವರನ್ನೂ ಕರ್ಕೊಂಡು ಬನ್ನಿ. ಇವರು ನನ್ನೆದುರಿಗೆ ಪಾಸ್ ಅನ್ನೋವರೆಗೂ ನನ್ನ ಸಹಿ ಇಲ್ಲ." ಹೇಳಿ ಕೂಸಿನ ಕಡೆ ತಿರುಗಿದಳು.

ಕಾರು ನಿಲ್ಲಿಸಿದಲ್ಲಿಗೆ ಬಂದ ಮೇಲೆ ಮ್ಯಾನೇಜರ್ ಟೈ ಸಡಿಲಿಸಿಕೊಂಡ. ಆಮೇಲೆ ಅವನ ನಯವೆಲ್ಲ ಜಾರಿತು. "ಎಲ್ಲರ ಮುಂದೆ ಕಂಪನಿ ಮಾನ ಕಳೆದ್ರಿ ನೀವು. ನಾಳೆ ಇದರ ಬಗ್ಗೆ ಮೇಲಿನವರ ಜೊತೆ ಮಾತಾಡ್ತೀನಿ."

"ಮಾತಾಡಿ ಸರ್. ನಾನೂ ಬರ್ತೀನಿ" ಎಂದಳು. ಅವಳಿಗೆ ಗೆದ್ದೆನೆಂಬ ಖುಷಿ ಎಳ್ಳಷ್ಟೂ ಇರಲಿಲ್ಲ. ಆ ಪುಟ್ಟ ಕೈ ಕಣ್ಣಮುಂದಿನಿಂದ ಹೋಗಿರಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತು ನೋಟ್‌ಬುಕ್ ತೆರೆದಳು. ನಿನ್ನೆಯ ಸಾಲು ಅಲ್ಲೇ ಇತ್ತು: ಒಂದು ಮಗುವಿನ ತೂಕ ಅರ್ಧಕ್ಕೆ ಬಿಟ್ಟು ಇನ್ನೊಂದು ಮಗುವಿನ ಹತ್ತಿರ ಯಾರೂ ಹೋಗುವುದಿಲ್ಲ. ಪೆನ್ನಿಗಾಗಿ ಬ್ಯಾಗಿನಲ್ಲಿ ತಡಕಾಡಿದಳು, ಸಿಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಪಂಡಿತ ತನ್ನ ಪೆನ್ನು ತೆಗೆದ. ಅವಳಿಗೆ ಕೊಡಲಿಲ್ಲ. ನೋಟ್‌ಬುಕ್ಕನ್ನೇ ತನ್ನ ತೊಡೆಯ ಮೇಲೆ ಎಳೆದುಕೊಂಡು, ಬಲಗಡೆಯ ಖಾಲಿ ಕಾಲಮಿನಲ್ಲಿ ತಾನೇ ಬರೆದ: ಹೆಡ್ ನರ್ಸ್, ಹಗಲು ಹನ್ನೊಂದೂ ಇಪ್ಪತ್ತು, ಎರಡನೇ ಹಾಸಿಗೆ, ಮೂರು ಕಿಲೋ ಇನ್ನೂರು ಗ್ರಾಂ.